ಹೆಸರಿಡುವುದು ಮತ್ತು ಪಟ್ಟಿಗೆ ಸೇರಿಸುವುದು

ನಮ್ಮ ಕಡೆ ಯಾರಾದರೂ ಅಸಂಬದ್ಧವಾಗಿ ಮಾತನಾಡಿದರೆ "ಇಂವನ್ನ ಧಾರವಾಡಕ್ಕ ಕಳಸಬೇಕು ನೋಡ್ರಿ" ಎಂದು ನಗುವುದು ಹಳೆಯ ರೂಢಿ. ಹೊರಗಿನವರಿಗೆ ಧಾರವಾಡವೆಂದರೆ ಪೇಢೆ, ವಿದ್ಯೆ, ಬೇಂದ್ರೆಯವರ ಸಾಧನಕೇರಿ. ಗದಗ ಸೀಮೆಯ ಹಳ್ಳಿಗರಿಗೆ ಇವೆಲ್ಲವುಗಳ ಜೊತೆಗೆ ಅಲ್ಲಿಯ ಮಾನಸಿಕ ಆಸ್ಪತ್ರೆಯೂ ಹೌದು. 1845ರಲ್ಲಿ ಕಂಪನಿ ಸರಕಾರದ ಕಾಲಕ್ಕೆ ಹುಚ್ಚರ ಆಸ್ಪತ್ರೆಯೆಂದು ಆರಂಭವಾದ ಆ ಸಂಸ್ಥೆ ಇಂದು ಡಿಮ್ಹಾನ್ಸ್ ಎಂಬ ಹೆಸರಿನಲ್ಲಿ ಬೋಧನೆ, ಚಿಕಿತ್ಸೆ ಎರಡನ್ನೂ ನಡೆಸುತ್ತಿದೆ. ಹೆಸರು ಬದಲಾಗಿ ವರ್ಷಗಳಾದರೂ ಗಾದೆಯಂತಹ ಆ ಮಾತು ಬದಲಾಗಿಲ್ಲ.

1997ರ ವರೆಗೆ ಗದಗ ಧಾರವಾಡ ಜಿಲ್ಲೆಗೇ ಸೇರಿತ್ತು. ಕೋರ್ಟು, ಕಚೇರಿ, ಕಾಲೇಜು ಎಂದು ನಮ್ಮ ಜನ ವಾರಕ್ಕೊಮ್ಮೆಯಾದರೂ ಅಲ್ಲಿಗೆ ಹೋಗುತ್ತಿದ್ದರು. ಆದರೆ ಮನೆಯಲ್ಲಿ "ಒಂದು ನಮೂನಿ" ಇರುವ ಮಗುವನ್ನು ಕರೆದುಕೊಂಡು ಹೋಗಬೇಕಾದವರು ಮಾತ್ರ ಬಿಂಕದಕಟ್ಟಿಯಲ್ಲಿ ಹಗಲು ಹೊತ್ತಿನ ಬಸ್ಸು ಹತ್ತುತ್ತಿರಲಿಲ್ಲ. ನಸುಕಿನ ಬಸ್ಸಿಗೆ ಹೊರಡುತ್ತಿದ್ದರು. ಕೇಳಿದವರಿಗೆ "ಬೀಗರ ಊರಿಗೆ" ಎನ್ನುತ್ತಿದ್ದರು. ಇಂದಿನ ವಿದ್ವಾಂಸರು ಖಾಸಗಿತನ ಎಂದು ಯಾವುದನ್ನು ಕರೆಯುತ್ತಾರೋ ಅದನ್ನು ನಮ್ಮ ಹಿರಿಯರು ಬಸ್ಸಿನ ವೇಳಾಪಟ್ಟಿಯಲ್ಲಿ ಕಾಪಾಡಿಕೊಳ್ಳುತ್ತಿದ್ದರು.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಕಳೆದ ಕೆಲವು ವರ್ಷಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದಾರೆ. ಮಗುವಿಗೆ ಆಟಿಸಂ ಇರಬಹುದೆಂದು ಅಂಗನವಾಡಿಯವರು ಅಂದರು, ತಪಾಸಣೆ ಮಾಡಿಸಿದರೆ ಅದು ಜೀವನಪೂರ್ತಿ ದಾಖಲೆಯಾಗಿ ಅಂಟಿಕೊಳ್ಳುವುದೇ ಎಂದು ಊರಲ್ಲಿರುವವರ ಚಿಂತೆ. ಬೆಂಗಳೂರಿನಲ್ಲಿ ನಲವತ್ತೈದು ದಾಟಿದ ಒಬ್ಬನದು ಇನ್ನೂ ಸೂಕ್ಷ್ಮ: ಮಗನ ತಪಾಸಣೆಯ ಪ್ರಶ್ನಾವಳಿಯನ್ನು ತುಂಬುತ್ತಿರುವಾಗ ಅವನಿಗೆ ಅದರಲ್ಲಿ ತನ್ನದೇ ಬಾಲ್ಯ ಕಂಡಿತಂತೆ. ಈಗ ತಾನೂ ಪರೀಕ್ಷಿಸಿಕೊಳ್ಳಬೇಕೇ, ಕಂಪನಿಗೆ ತಿಳಿದರೆ ಹೇಗೆ? ವೈದ್ಯನಲ್ಲದ ನಾನು ವೈದ್ಯಕೀಯ ಹೇಳಲಾರೆ. ಆದರೆ ಚರಿತ್ರೆಯನ್ನು ಕಲಿಸಿದವನಾದ್ದರಿಂದ, ಮನುಷ್ಯರನ್ನು ಹೆಸರಿಸಿ ಪಟ್ಟಿ ಮಾಡಿದ ಕಥೆ ಎಲ್ಲೆಲ್ಲಿ ಹೇಗೆ ನಡೆಯಿತೆಂಬುದನ್ನು ಹೇಳಬಲ್ಲೆ.

ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಎಂಬ ಪದ ಬಳಕೆಯಲ್ಲಿದೆ. ಗ್ರೀಕಿನಲ್ಲಿ 'ಆಟೋಸ್' ಎಂದರೆ ತಾನು. ಅದರಿಂದ ಆಟಿಸಂ ಎಂಬ ಪದವನ್ನು ಟಂಕಿಸಿದವನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಬೇರೊಂದು ಕಾಯಿಲೆಯ ವರ್ಣನೆಗಾಗಿ. ಈಗಿನ ಅರ್ಥ ಬಂದದ್ದು 1943ರಲ್ಲಿ, ಅಮೆರಿಕೆಯ ಬಾಲ್ಟಿಮೋರ್ ನಗರದ ಲಿಯೋ ಕ್ಯಾನರ್ ಎಂಬ ವೈದ್ಯನು ಹನ್ನೊಂದು ಮಕ್ಕಳನ್ನು ಕುರಿತು ಬರೆದ ಲೇಖನದಿಂದ. ಮೊದಲನೆಯ ಮಗುವನ್ನು ಆತ 'ಡೊನಾಲ್ಡ್ ಟಿ.' ಎಂದಷ್ಟೇ ಕರೆದ. ಆ ಮಗುವಿನ ತಂದೆ, ವೃತ್ತಿಯಿಂದ ವಕೀಲ, ಮಗನ ನಡೆನುಡಿಗಳನ್ನೆಲ್ಲ ವಿವರಿಸಿ ವೈದ್ಯನಿಗೆ ಮೂವತ್ತಮೂರು ಪುಟಗಳ ಕಾಗದ ಬರೆದಿದ್ದ. ಒಬ್ಬ ತಂದೆಯ ಖಾಸಗಿ ಕಾಗದದ ಮೇಲೆ ಒಂದು ಶಾಸ್ತ್ರದ ಅಡಿಪಾಯವೇ ನಿಂತಿತು. ಹೆಸರಿನ ಕೊನೆಯ ಭಾಗವನ್ನು ಮರೆಮಾಡಿದ್ದೊಂದೇ ಅದಕ್ಕಿದ್ದ ರಕ್ಷಣೆ. ಡೊನಾಲ್ಡನ ವಿಚಾರಕ್ಕೆ ಮತ್ತೆ ಬರುತ್ತೇನೆ.

ಅದೇ ವರ್ಷಗಳಲ್ಲಿ ವಿಯೆನ್ನಾದಲ್ಲಿ ನಡೆದದ್ದು ಬೇರೆಯೇ ಕಥೆ. 1939ರ ಆಗಸ್ಟ್ 18ರಂದು ಜರ್ಮನಿಯ ಗೃಹ ಖಾತೆ ಒಂದು ಸುತ್ತೋಲೆ ಹೊರಡಿಸಿತು. ಮೂರು ವರ್ಷದೊಳಗಿನ ಮಗುವಿನಲ್ಲಿ ಬುದ್ಧಿಯ ಅಥವಾ ಅಂಗದ ದೊಡ್ಡ ನ್ಯೂನತೆ ಕಂಡರೆ ಸೂಲಗಿತ್ತಿಯರು ಮತ್ತು ವೈದ್ಯರು ಸರಕಾರಕ್ಕೆ ವರದಿ ಮಾಡತಕ್ಕದ್ದು. ವಿಶೇಷ ಚಿಕಿತ್ಸೆ ಕೊಡುವರೆಂದು ತಾಯಿತಂದೆಗಳಿಗೆ ಹೇಳಲಾಗುತ್ತಿತ್ತು. ವರದಿಯಾದ ಮಕ್ಕಳನ್ನು ಇರಿಸಿದ ವಿಯೆನ್ನಾದ ಸ್ಪೀಗೆಲ್‌ಗ್ರುಂಡ್ ಆಸ್ಪತ್ರೆಯೊಂದರಲ್ಲೇ ಸುಮಾರು 800 ಮಕ್ಕಳು ಸತ್ತರು. ಹಾನ್ಸ್ ಆಸ್ಪರ್ಗರ್ ಎಂಬ ವೈದ್ಯ ಅದೇ ನಗರದವನು. ಆತನ ಹೆಸರಿನಿಂದಲೇ ಒಂದು ಬಗೆಯ ಸ್ವಲೀನತೆಯನ್ನು ಜಗತ್ತು ದಶಕಗಳ ಕಾಲ ಕರೆಯಿತು. ಅವನು ಮಕ್ಕಳ ರಕ್ಷಕನೆಂದೇ ಎಲ್ಲರೂ ನಂಬಿದ್ದರು. 2018ರಲ್ಲಿ ಹೆರ್ವಿಗ್ ಚೆಕ್ ಮತ್ತು ಎಡಿತ್ ಶೆಫರ್ ಎಂಬ ಇಬ್ಬರು ಇತಿಹಾಸಕಾರರು, ಕೆಲವು ಮಕ್ಕಳನ್ನು ಅವನೇ ಆ ಆಸ್ಪತ್ರೆಗೆ ಕಳಿಸಿದ್ದನೆಂಬುದನ್ನು ದಾಖಲೆಗಳಿಂದ ತೋರಿಸಿದರು.

ಇದನ್ನು ಹೆದರಿಸಲೆಂದು ಹೇಳುತ್ತಿಲ್ಲ. ನಮ್ಮ ದೇಶ ಅಂದಿನ ಜರ್ಮನಿಯಲ್ಲ. ಆದರೆ ಆ ಮಕ್ಕಳ ಪಟ್ಟಿ ಮಾಡಿದ ಸೂಲಗಿತ್ತಿಯರಲ್ಲಿ ಬಹುಪಾಲು ಜನಕ್ಕೆ ಅದು ಯಾತಕ್ಕೆಂಬುದೇ ತಿಳಿದಿರಲಿಕ್ಕಿಲ್ಲ. ಪಟ್ಟಿಯನ್ನು ಬರೆದವನ ಉದ್ದೇಶ ಒಂದು, ಮುಂದೆ ಅದನ್ನು ಕೈಗೆತ್ತಿಕೊಂಡವನ ಉದ್ದೇಶ ಇನ್ನೊಂದು.

ನಮ್ಮಲ್ಲಿಯ ಪಟ್ಟಿಗಳ ಕಥೆ ಇಷ್ಟು ಕ್ರೂರವಲ್ಲ, ಆದರೆ ಕುತೂಹಲಕಾರಿ. 1872ರಿಂದ 1931ರ ವರೆಗೆ ಬ್ರಿಟಿಷರ ಜನಗಣತಿಯಲ್ಲಿ 'ವೈಕಲ್ಯ'ಗಳ ಲೆಕ್ಕವೂ ಇತ್ತು: ಹುಚ್ಚರು, ಕುರುಡರು, ಕಿವುಡ-ಮೂಗರು, ಕುಷ್ಠರೋಗಿಗಳು. ಈ ಅಂಕಿಗಳನ್ನು ನಂಬಲಾಗದೆಂದು ಗಣತಿಯ ಅಧಿಕಾರಿಗಳೇ ಮತ್ತೆ ಮತ್ತೆ ಬರೆದರು. ಜನ ಬಚ್ಚಿಡುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ ಹೆಚ್ಚು ಎಂಬುದು ಅವರ ದೂರು. ದೂರೇನೋ ಸರಿ. ಆದರೆ ಆ ಮನೆಯ ಯಜಮಾನನ ಕಡೆಯಿಂದ ನೋಡಿದರೆ, ಬಾಗಿಲಲ್ಲಿ ಕಾಗದ ಹಿಡಿದು ನಿಂತ ಶಾನುಭೋಗನು ಅದೇ ಊರಿನವನು. ಇಂದು ಬರೆಸಿದ್ದು ನಾಳೆ ಕಟ್ಟೆಯ ಮೇಲಿನ ಮಾತಾಗಿ, ನಾಡಿದ್ದು ಮಗಳ ಸಂಬಂಧ ಮುರಿಯುವುದಕ್ಕೆ ಕಾರಣವಾಗುತ್ತಿತ್ತು. ಬಚ್ಚಿಟ್ಟದ್ದು ಮೌಢ್ಯವೆಂದು ನನಗನ್ನಿಸುವುದಿಲ್ಲ. ಅವರಿಗೆ ಬರೆಸುವುದರಿಂದ ಸಿಗುವುದೇನೂ ಇರಲಿಲ್ಲ, ಕಳೆದುಕೊಳ್ಳುವುದು ಬಹಳವಿತ್ತು.

ಸ್ವಾತಂತ್ರ್ಯ ಬಂದ ಮೇಲೆ 1948ರ ಜನಗಣತಿ ಕಾಯ್ದೆ ಒಂದು ಒಳ್ಳೆಯ ಕೆಲಸ ಮಾಡಿತು. ಗಣತಿಗೆ ಕೊಟ್ಟ ವಿವರವನ್ನು ಯಾರೂ ನೋಡಲು ಕೇಳುವಂತಿಲ್ಲ. ಸಾಮಾನ್ಯವಾಗಿ ಅದನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಯೂ ತರುವಂತಿಲ್ಲ. 2011ರ ಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13.24 ಲಕ್ಷ ಎಂದು ಬಂತು. ಅದರಲ್ಲಿ ಸ್ವಲೀನತೆಗೆ ಪ್ರತ್ಯೇಕ ಕಲಮೇ ಇರಲಿಲ್ಲ. ಅಂತಹ ಮಕ್ಕಳ ಮನೆಯವರು ಬುದ್ಧಿಮಾಂದ್ಯತೆಯೋ, ಮಾನಸಿಕ ಕಾಯಿಲೆಯೋ, 'ಇತರೆ'ಯೋ ಯಾವುದಾದರೊಂದನ್ನು ಆರಿಸಬೇಕಿತ್ತು.

ಶಾಲೆಯವರಾದ ನಮ್ಮ ಕೈಯಲ್ಲಿಯೂ ಒಂದು ಕಲಮು ಇದ್ದದ್ದನ್ನು ಹೇಳದಿದ್ದರೆ ಅನ್ಯಾಯವಾದೀತು. ಶಾಲೆ ಬಿಟ್ಟ ದಾಖಲೆಯ ಕೊನೆಯಲ್ಲಿ ಇರುವ 'ಷರಾ'. ಸಾಮಾನ್ಯವಾಗಿ ಅಲ್ಲಿ ನಡತೆ ಉತ್ತಮ ಎಂದು ಬರೆದು ರುಜು ಮಾಡುವುದು. ನಾನು ನೌಕರಿಗೆ ಹತ್ತಿದ ಹೊಸತರಲ್ಲಿ ಬೇರೊಂದು ಊರಿನ ಶಾಲೆಯಿಂದ ಬಂದ ಹುಡುಗನೊಬ್ಬನ ದಾಖಲೆಯಲ್ಲಿ 'ಮಂದಬುದ್ಧಿ' ಎಂದು ಕೆಂಪು ಮಸಿಯಲ್ಲಿ ಬರೆದಿತ್ತು. ಆ ಹುಡುಗ ಯಾರ ಮುಖವನ್ನೂ ನೋಡಿ ಮಾತನಾಡುತ್ತಿರಲಿಲ್ಲ. ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಆದರೆ ಗದಗ ಬಸ್ ನಿಲ್ದಾಣದಿಂದ ಯಾವ ಊರಿನ ಬಸ್ಸು ಎಷ್ಟು ಗಂಟೆಗೆ ಹೊರಡುವುದೆಂಬುದನ್ನು ಬೆಳಗಿನಿಂದ ರಾತ್ರಿಯ ವರೆಗೆ ಸಾಲಾಗಿ ಒಪ್ಪಿಸುತ್ತಿದ್ದ. ಅವನನ್ನು ಕರೆತಂದ ಅಜ್ಜಿ, "ಅಂವಗ ಮಂದಿ ಗದ್ದಲ ಆಗೂದಿಲ್ರೀ ಮಾಸ್ತರ, ಬುದ್ಧಿಗೇನೂ ಕಡಿಮಿ ಇಲ್ಲ" ಎಂದಳು. ನಾನು ಆ ವರೆಗೆ ಕೇಳಿದ ಯಾವ ತಜ್ಞರ ಮಾತಿಗೂ ಅದು ಕಡಿಮೆಯದಲ್ಲ. ಅವನಿಗೆ ಇದ್ದದ್ದು ಸ್ವಲೀನತೆಯೇ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಅವನನ್ನು ನೋಡುವ ಮೊದಲೇ ಎಲ್ಲ ಶಿಕ್ಷಕರೂ ಆ ಕೆಂಪು ಮಸಿಯನ್ನು ನೋಡಿದ್ದರು. ಹಿಂದಿನ ಸಾಲು ಅವನಿಗಾಗಿ ಆಗಲೇ ಕಾದಿತ್ತು. (ಮುಂದೆ ಅವನು ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನಾದ. ಮೊಳೆ ಹೊಡೆದಂತಹ ಅಂಕಿಗಳು.)

ಕೆಂಪು ಮಸಿಯ ಆ ಎರಡು ಶಬ್ದ ಅವನಿಗೆ ಏನನ್ನೂ ಕೊಡಲಿಲ್ಲ. ಇಂದಿನ ಪ್ರಮಾಣಪತ್ರ ಹಾಗಲ್ಲ, ಅದು ಕೊಡುತ್ತದೆ ಕೂಡ. ಆದ್ದರಿಂದಲೇ ತೂಗಿ ನೋಡುವುದು ಕಷ್ಟವಾಗಿದೆ.

1995ರ ಅಂಗವಿಕಲರ ಕಾಯ್ದೆ ಏಳು ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. ಸ್ವಲೀನತೆ ಅವುಗಳಲ್ಲಿ ಇರಲಿಲ್ಲ. ಸೌಲಭ್ಯ ಬೇಕಾದರೆ ಮಗುವನ್ನು ಬುದ್ಧಿಮಾಂದ್ಯನೆಂದು ಬರೆಯಿಸಿಕೊಳ್ಳಬೇಕಿತ್ತು, ಅಂದರೆ ಸುಳ್ಳು ಹೆಸರಿನಲ್ಲಿ ಪಟ್ಟಿಗೆ ಸೇರಬೇಕಿತ್ತು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಮೊದಲ ಬಾರಿಗೆ ಸ್ವಲೀನತೆಯ ಹೆಸರು ಕಾನೂನಿನಲ್ಲಿ ಬಂತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇಪ್ಪತ್ತೊಂದು ವೈಕಲ್ಯಗಳನ್ನು ಪಟ್ಟಿ ಮಾಡಿ ಅವುಗಳಲ್ಲಿ ಇದನ್ನೂ ಸೇರಿಸಿತು. ನಲವತ್ತು ಪ್ರಶ್ನೆಗಳ ಭಾರತೀಯ ಮಾಪನವೊಂದರ ಮೇಲೆ ಅಂಕ ಹಾಕಿ ವೈಕಲ್ಯದ ಶೇಕಡಾ ಪ್ರಮಾಣವನ್ನು ನಿರ್ಧರಿಸುತ್ತಾರೆ. ಶೇಕಡಾ 40 ಅಥವಾ ಹೆಚ್ಚಾದರೆ ಉನ್ನತ ಶಿಕ್ಷಣದಲ್ಲಿ ಮೀಸಲಾತಿ, ಸರಕಾರಿ ನೌಕರಿಯಲ್ಲಿ ಇತರ ಕೆಲವು ವೈಕಲ್ಯಗಳವರೊಡನೆ ಹಂಚಿಕೊಂಡ ಶೇಕಡಾ 1ರ ಪಾಲು. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷದ ವರೆಗೆ ಚಿಕಿತ್ಸಾ ವೆಚ್ಚ. ಪರೀಕ್ಷೆಯಲ್ಲಿ ಹೆಚ್ಚಿನ ವೇಳೆ, ಬರೆಯಲು ಸಹಾಯಕ. ಎಲ್ಲಕ್ಕಿಂತ ಮುಖ್ಯವಾದದ್ದು, ತಾಯಿತಂದೆಗಳ ನಂತರ ಯಾರು ಎಂಬ ಪ್ರಶ್ನೆಗೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಯ ಮೂಲಕ ಕಾನೂನುಬದ್ಧ ಪಾಲಕರ ನೇಮಕ.

ಇನ್ನು ಇದರ ಬೆಲೆ. ಪ್ರಮಾಣಪತ್ರದೊಡನೆ ಬರುವ ಯುಡಿಐಡಿ ಕಾರ್ಡು ಕೇಂದ್ರ ಸರಕಾರದ ಗಣಕದಲ್ಲಿ ಸೇರಿದ ದಾಖಲೆ. ಕಾರ್ಡಿನ ಮೇಲೆ ವೈಕಲ್ಯದ ಬಗೆ, ಶೇಕಡಾ ಪ್ರಮಾಣ ಎರಡೂ ಅಚ್ಚಾಗಿರುತ್ತವೆ. ಬಸ್ಸಿನ ರಿಯಾಯಿತಿಗೆಂದು ತೋರಿಸಿದರೂ ಅಷ್ಟೂ ಕಾಣುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಅಂಧ ಗಾಯಕರನ್ನು ನೆನೆಯಿರಿ. ಪಂಚಾಕ್ಷರಿ ಗವಾಯಿಗಳಾಗಲಿ ಪುಟ್ಟರಾಜ ಗವಾಯಿಗಳಾಗಲಿ ತಮ್ಮ ಅಂಧತ್ವವನ್ನು ಹೇಳುವುದೋ ಬಿಡುವುದೋ ಎಂದು ಯೋಚಿಸುವ ಪ್ರಸಂಗವೇ ಇರಲಿಲ್ಲ, ಅದು ಎಲ್ಲರಿಗೂ ಕಾಣುವಂಥದ್ದು. ಮಾತು ಬಲ್ಲ, ಓದು ಬಲ್ಲ ಸ್ವಲೀನ ವ್ಯಕ್ತಿಯದು ಕಾಣದ ವೈಕಲ್ಯ. ಹೇಳುವ, ಹೇಳದಿರುವ ಆಯ್ಕೆ ಅವನ ಕೈಯಲ್ಲಿದೆ. ಒಮ್ಮೆ ಬರೆಯಿಸಿದ ಮೇಲೆ ಆ ಆಯ್ಕೆ ಅವನೊಬ್ಬನ ಕೈಯಲ್ಲಿ ಉಳಿಯುವುದಿಲ್ಲ. ವಿಮೆಯ ಅರ್ಜಿಯಲ್ಲಿ ಆರೋಗ್ಯದ ಪ್ರಶ್ನೆ ಬಂದಾಗ, ವೈದ್ಯರು ಬರೆದುಕೊಟ್ಟದ್ದನ್ನು ತಿಳಿದೂ ಮುಚ್ಚಿಟ್ಟರೆ ಮುಂದೆ ಹಣ ಕೇಳುವಾಗ ತಕರಾರು ಬರುತ್ತದೆ.

ವೈದ್ಯರು ಗುಟ್ಟು ಕಾಪಾಡಬೇಕೆಂಬ ನಿಯಮ ಇಲ್ಲವೇ ಎಂದು ಕೇಳುವಿರಿ. ಇದೆ. 2002ರ ವೈದ್ಯಕೀಯ ನಡತೆ ನಿಯಮಾವಳಿಯಲ್ಲಿ ಸ್ಪಷ್ಟವಾಗಿಯೇ ಇದೆ. ಆದರೆ 1998ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದ ಒಂದು ಪ್ರಕರಣವನ್ನು ನೋಡಿ. ಎಚ್‌ಐವಿ ಸೋಂಕಿನ ವಿಷಯ ಆಸ್ಪತ್ರೆಯಿಂದ ಹೊರಬಿದ್ದು ಒಬ್ಬರ ಮದುವೆ ನಿಂತುಹೋಯಿತು. ಅವರು ಪರಿಹಾರ ಕೇಳಿದರು. ಗೋಪ್ಯತೆಯ ಹಕ್ಕು ಸಂಪೂರ್ಣವಲ್ಲ, ವಧುವಿನ ಆರೋಗ್ಯದ ಹಕ್ಕು ದೊಡ್ಡದು ಎಂದು ನ್ಯಾಯಾಲಯ ಹೇಳಿತು. ಸ್ವಲೀನತೆ ಸಾಂಕ್ರಾಮಿಕವಲ್ಲ, ಹೋಲಿಕೆ ಪೂರ್ಣವಾಗಿ ಸರಿಹೊಂದದು. ಆದರೂ ಆಸ್ಪತ್ರೆಯ ಕಾಗದ ಮದುವೆಯ ಮನೆಯನ್ನು ಹೇಗೆ ಪ್ರವೇಶಿಸಬಲ್ಲದೆಂಬುದಕ್ಕೆ ಅದು ನಿದರ್ಶನ.

ಇಲ್ಲಿ ನಾವು ಕನ್ನಡಿಗರು ಅಭಿಮಾನಪಡುವ ಒಂದು ಹೆಸರು ಬರುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ಒಕ್ಕೊರಲಿನಿಂದ ಸಾರಿತು. ಮರುವರ್ಷದ ಆಧಾರ್ ತೀರ್ಪಿನಲ್ಲಿ, ಮಗುವಾಗಿದ್ದಾಗ ನೋಂದಾಯಿಸಲ್ಪಟ್ಟವರು ಪ್ರಾಯಕ್ಕೆ ಬಂದ ಮೇಲೆ ಹೊರಬರಲು ಅವಕಾಶವಿರಬೇಕೆಂದೂ ಹೇಳಿತು. ತಾಯಿತಂದೆ ಮಗುವಿನ ಪರವಾಗಿ ಮಾಡಿದ ನಿರ್ಧಾರ ಮಗುವನ್ನು ಸದಾಕಾಲ ಕಟ್ಟಿಹಾಕಬಾರದೆಂಬ ಈ ವಿಚಾರ ನಮ್ಮ ಇಂದಿನ ವಿಷಯಕ್ಕೂ ಬಹಳ ಹತ್ತಿರದ್ದು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಮಕ್ಕಳ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಆದರೆ 2011ರ ನಿಯಮಗಳು ಆರೋಗ್ಯದ ಮಾಹಿತಿಯನ್ನು 'ಸೂಕ್ಷ್ಮ'ವೆಂದು ಬೇರೆ ಇರಿಸಿದ್ದವು, ಹೊಸ ಕಾಯ್ದೆಯಲ್ಲಿ ಆ ಪ್ರತ್ಯೇಕ ವರ್ಗವೇ ಇಲ್ಲ. ಇದು ನನಗೆ ಹಿಂದಡಿಯಿಟ್ಟಂತೆ ಕಾಣುತ್ತದೆ.

ಪರದೇಶದಲ್ಲಿರುವ ನಮ್ಮವರ ಭಯಕ್ಕೂ ಆಧಾರವಿದೆ. 2025ರ ಏಪ್ರಿಲಿನಲ್ಲಿ ಅಮೆರಿಕೆಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಔಷಧದ ಅಂಗಡಿ, ವಿಮಾ ಕಂಪನಿ ಮೊದಲಾದ ಕಡೆಗಳ ದಾಖಲೆಗಳನ್ನು ಕೂಡಿಸಿ ಆಟಿಸಂ ಸಂಶೋಧನೆ ಮಾಡುವ ಯೋಜನೆ ಹೇಳಿದಾಗ, ನೋಂದಣಿ ಪಟ್ಟಿ ಬರುತ್ತದೆಂದು ಗದ್ದಲವೆದ್ದಿತು. ಕೆಲವರು ತಪಾಸಣೆಯ ದಿನಗಳನ್ನೇ ರದ್ದುಪಡಿಸಿದರೆಂದು ವರದಿಗಳು ಬಂದವು. ಕೆಲವೇ ದಿನಗಳಲ್ಲಿ ಸರಕಾರ, ಪಟ್ಟಿ ಮಾಡುವುದಿಲ್ಲವೆಂದಿತು. ಮೇ ತಿಂಗಳಲ್ಲಿ ಇಲಿನಾಯ್ ರಾಜ್ಯದ ಗವರ್ನರರು ಇಂತಹ ಮಾಹಿತಿಯ ಸಂಗ್ರಹಕ್ಕೆ ಮಿತಿ ಹಾಕುವ ಆಜ್ಞೆ ಹೊರಡಿಸಿದರು. ಆಸ್ಟ್ರೇಲಿಯಾದಲ್ಲಿ ಕಾಯಂ ವಾಸದ ಅರ್ಜಿಗೆ ಮನೆಮಂದಿಯ ಆರೋಗ್ಯವನ್ನೂ ನೋಡುತ್ತಾರೆ. ಮಗುವಿಗೆ ತಗಲುವ ಅಂದಾಜು ವೆಚ್ಚ ನಿಗದಿತ ಮಿತಿ ಮೀರಿದರೆ ಇಡೀ ಕುಟುಂಬದ ಅರ್ಜಿಗೆ ತೊಡಕು. ಆ ದೇಶಕ್ಕೆ ಹೋಗಬೇಕೆಂದಿರುವವರು ಇದನ್ನು ಮೊದಲೇ ವಿಚಾರಿಸುವುದು ಲೇಸು.

ಇಷ್ಟಾದ ಮೇಲೆ ನನ್ನ ಅಭಿಪ್ರಾಯ. ತಿಳಿದುಕೊಳ್ಳುವುದು ಬೇರೆ, ಪಟ್ಟಿಗೆ ಸೇರುವುದು ಬೇರೆ. ನಮ್ಮ ಜನ ಈ ಎರಡನ್ನೂ ಒಂದೇ ಎಂದು ಭಾವಿಸಿ ಹೆದರುತ್ತಾರೆ. ಧಾರವಾಡಕ್ಕೋ, ಬೆಂಗಳೂರಿನ ನಿಮ್ಹಾನ್ಸಿಗೋ, ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಗೋ ಹೋಗಿ ಮಗುವನ್ನು ತೋರಿಸಿದರೆ ಅಲ್ಲಿಗೆ ಯುಡಿಐಡಿ ಕಾರ್ಡು ತಾನಾಗಿ ಬರುವುದಿಲ್ಲ. ಅದಕ್ಕೆ ಬೇರೆ ಅರ್ಜಿ ಹಾಕಬೇಕು. ಹೊರರೋಗಿ ವಿಭಾಗದಲ್ಲಿ ಕೇಳುವ ಆರೋಗ್ಯ ಗುರುತಿನ ಸಂಖ್ಯೆಯೂ ಕಾನೂನಿನ ಪ್ರಕಾರ ಐಚ್ಛಿಕವೇ. ಮಾತು ತಡವಾದ ಮೂರು ವರ್ಷದ ಮಗುವನ್ನು ಖಾಸಗಿತನದ ಹೆಸರಿನಲ್ಲಿ ಮನೆಯಲ್ಲಿ ಕೂಡಿಸಿದರೆ ಆ ವರ್ಷಗಳು ಮರಳಿ ಬರುವುದಿಲ್ಲ. ಅಂತಹ ಮಗುವನ್ನು ತಡಮಾಡದೆ ತೋರಿಸಿರಿ. ಪ್ರಮಾಣಪತ್ರವನ್ನು ಪರೀಕ್ಷೆಯೋ, ವಿಮೆಯೋ, ಪಾಲಕತ್ವವೋ ನಿಜವಾಗಿ ಬೇಕಾದಾಗ ಮಾಡಿಸಿರಿ. ಮಗುವಿಗೆ ಹೆಚ್ಚಿನ ಆಸರೆ ಬೇಕಾದ ಮನೆಯಲ್ಲಿ ಆ ಕಾಲ ಬೇಗ ಬರುತ್ತದೆ, ಅಲ್ಲಿ ಸಂಕೋಚಕ್ಕೆ ಎಡೆಯಿಲ್ಲ. ಬೆಂಗಳೂರಿನ ನನ್ನ ವಿದ್ಯಾರ್ಥಿಯ ಮಾತು ಬೇರೆ. ಅವನಿಗೆ ನಲವತ್ತು ವರ್ಷದ ಗೊಂದಲಕ್ಕೆ ಒಂದು ಉತ್ತರ ಬೇಕಾಗಿದೆ, ಸೌಲಭ್ಯ ಬೇಕಾಗಿಲ್ಲ. ಕಂಪನಿಯ ವಿಮೆಯ ಮೂಲಕ ಬಿಲ್ಲು ತೀರಿಸದೆ ಕೈಯಿಂದ ಹಣ ಕೊಟ್ಟು ತೋರಿಸಿಕೋ, ವರದಿಯನ್ನು ನಿನ್ನ ಹತ್ತಿರ ಇಟ್ಟುಕೋ ಎಂದು ಬರೆದೆ. ತನ್ನ ದಾಖಲೆಯ ಪ್ರತಿಯನ್ನು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ಅದೇ 2002ರ ನಿಯಮಾವಳಿಯಲ್ಲಿದೆ.

ಬಂಧುಗಳಿಗೂ ಒಂದು ಮಾತು. ದಿಲ್ಲಿಯ ಗಣಕದಿಂದ ಸೋರುವುದಕ್ಕಿಂತ ಮೊದಲು ನಮ್ಮ ಮನೆಗಳಿಂದ ಸೋರುತ್ತದೆ. ಮಗುವಿನ ವರದಿಯ ಫೋಟೋವನ್ನು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿ "ಯಾರಿಗಾದರೂ ಒಳ್ಳೆಯ ಡಾಕ್ಟರು ಗೊತ್ತೇ" ಎಂದು ಕೇಳಿದ್ದನ್ನು ಕಂಡಿದ್ದೇನೆ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಆ ಗುಂಪಿನಲ್ಲಿ ಅರವತ್ತು ಜನರಿದ್ದರು.

ಡೊನಾಲ್ಡನ ವಿಚಾರ ಬಾಕಿ ಉಳಿಯಿತು. 'ಡೊನಾಲ್ಡ್ ಟಿ.' ಯಾರೆಂಬುದನ್ನು ಪತ್ರಕರ್ತರಿಬ್ಬರು ಹುಡುಕಿ 2010ರಲ್ಲಿ ಬರೆದರು: ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್. ಮನೆತನ ಅನುಕೂಲಸ್ಥವಾಗಿತ್ತು, ಅದನ್ನು ಮರೆಯಬಾರದು. ಆತ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದ, ಗಾಲ್ಫ್ ಆಡುತ್ತಿದ್ದ, ಕಾರು ಓಡಿಸುತ್ತಿದ್ದ, ಒಬ್ಬನೇ ದೇಶ ದೇಶ ಸುತ್ತಿ ಬಂದಿದ್ದ. ಊರಿನ ಎಲ್ಲರಿಗೂ ಅವನು ಗೊತ್ತು. ಪತ್ರಕರ್ತರು ವಿಚಾರಿಸುತ್ತ ಬಂದಾಗ, ಇದರಿಂದ ಡಾನ್‌ಗೆ ನೋವಾದರೆ ನಿಮ್ಮನ್ನು ಎಲ್ಲಿ ಹುಡುಕಬೇಕೆಂದು ನಮಗೆ ಗೊತ್ತು ಎಂಬರ್ಥದ ಎಚ್ಚರಿಕೆಯನ್ನು ಒಬ್ಬರಲ್ಲ, ಹಲವರು ಕೊಟ್ಟರಂತೆ. 2023ರ ಜೂನಿನಲ್ಲಿ, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಅದೇ ಊರಿನಲ್ಲಿ ಆತ ತೀರಿಕೊಂಡ.